ಪುಟ ಏಳು

ಸಂಜೆ ಆರೂವರೆಗೆ ಬ್ಯಾಂಕಿನ ಮೇಲ್ ಬಂತು,
ದಿನಾ ಬರುವ ಹಾಗೆಯೇ. ಹರಾಜು ಪ್ರಕಟಣೆ, ಎರಡು.
ಎರಡು ಕಾಲಂ, ಹನ್ನೆರಡು ಸೆಂಟಿಮೀಟರ್,
ಕನ್ನಡಕ ಹಾಕಿದವರೂ ಓದಲಾರದ ಅಕ್ಷರ.
ಹನ್ನೊಂದು ವರ್ಷದಿಂದ ಈ ಪುಟ ಕಟ್ಟುತ್ತಿದ್ದೇನೆ.
ಯಾರ್ಯಾರದೋ ಮನೆಗಳು ಬೆರಳ ತುದಿಯಲ್ಲಿ ಹಾದುಹೋಗಿವೆ,
ಒಂದರ ಬಾಗಿಲ ಬಣ್ಣವೂ ಗೊತ್ತಿಲ್ಲ.

ಮೊದಲನೆಯದರ ಬಾಗಿಲು ಹಸಿರು.
ಬಳಿದವಳು ನಾನೇ.

‘ಕಮಲಾಕ್ಷ ಕೋಂ ಮೌನೇಶಾಚಾರಿ, ಗೋಪಾಳ’
ಅಂತ ಹೊಡೆದಿದ್ದರು. ಒಂದು ಗುಡಿಸು ಬಿಟ್ಟು
ನನ್ನನ್ನು ಗಂಡಸು ಮಾಡಿ ನನ್ನ ಗಂಡನಿಗೇ ಕಟ್ಟಿದ್ದರು.
ಗುಡಿಸು ಹಾಕಿದೆ.
ನನ್ನ ಮನೆ ನಾನಲ್ಲದೆ ಇನ್ಯಾರು ಗುಡಿಸುತ್ತಾರೆ?

ಚಕ್ಕುಬಂದಿ: ಪೂರ್ವಕ್ಕೆ ರಸ್ತೆ,
ಪಶ್ಚಿಮಕ್ಕೆ ನಲವತ್ತೊಂದನೇ ನಿವೇಶನ,
ಉತ್ತರಕ್ಕೆ ಕನ್ಸರ್ವೆನ್ಸಿ, ದಕ್ಷಿಣಕ್ಕೆ ಖಾಲಿ ಜಾಗ.
ಖಾಲಿ ಎಲ್ಲಿ? ಶಾಹಿದಾ ಅಲ್ಲಿ ಮನೆ ಕಟ್ಟಿ ಆರು ವರ್ಷ.
ಅವಳ ಕುಕ್ಕರಿನ ಸೀಟಿ ಎಣಿಸಿ
ನಾನು ನನ್ನ ಒಲೆ ಆರಿಸುತ್ತಿದ್ದೆ.
ಬ್ಯಾಂಕಿನ ಕಡತದಲ್ಲಿ ಇನ್ನೂ ಅಲ್ಲಿ ಹುಲ್ಲು.

ಬೀಗಮುದ್ರೆ ಹಾಕಿದ ದಿನ ಪಂಚನಾಮೆಯವರು
ಫ್ರಿಜ್ ಒಂದು ಎಂದು ಬರೆದುಕೊಂಡರು,
ಸ್ವಿಚ್ ಆರಿಸಲಿಲ್ಲ.
ಕೆಲಸ ಮುಗಿಸಿ ಸುತ್ತುದಾರಿಯಲ್ಲಿ ಹೋಗುತ್ತೇನೆ,
ಗೋಡೆಯ ಹೊರಗಿನ ಮೀಟರಿನಲ್ಲಿ ಕೆಂಪು ದೀಪ
ಮಿಣುಕುವುದನ್ನು ನೋಡಲು.
ನಾಡಿ ಇದೆ. ಸಾಕು, ಮುಂದೆ ನಡೆಯುತ್ತೇನೆ.

ದುರ್ಗಿಗುಡಿಯ ವಕೀಲರು ಹೇಳಿದ್ದರು:
‘ಪೇಪರಿನಲ್ಲಿ ಬರೋ ತನಕ, ತಾಯಿ,
ಪೂರ್ತಿ ಕಟ್ಟಿ ಬಿಡಿಸಿಕೊಳ್ಳೋದು ನಿಮ್ಮ ಹಕ್ಕು.
ಅಚ್ಚಾದ ಮೇಲೆ ಅದು ಬರೀ ಬೇಡಿಕೆ.’
ಫೀಸು ತಗೊಳ್ಳಲಿಲ್ಲ.
ನಾನೆಲ್ಲಿ ಕೆಲಸ ಮಾಡುತ್ತೇನೆಂದು ಕೇಳಲೂ ಇಲ್ಲ.

ಚೀಟಿ ಎತ್ತಿದ್ದು, ಬಳೆ ಮಾರಿದ್ದು ಕೂಡಿಸಿ ಇನ್ನೂ ನಾಲ್ಕು ಲಕ್ಷ ಕಮ್ಮಿ.
ಆಟೋ ಕಾಂಪ್ಲೆಕ್ಸಿನಲ್ಲಿ ಮೌನೇಶಾಚಾರಿ
ಕ್ರೇನಿಗೆ ಕಾಯುತ್ತ ನಿಂತಿದ್ದ.
ಯಾವ ಲೇತಿಗಾಗಿ ಮನೆ ಒತ್ತೆ ಇಟ್ಟೆವೋ
ಆ ಲೇತನ್ನೇ ಕೊಟ್ಟು ಮನೆ ಬಿಡಿಸುವುದು.
ಭದ್ರಾವತಿಯವನದು ಒಂದೇ ಮಾತು:
ಲಾರಿ ಹತ್ತಿದ ಮೇಲೆ ದುಡ್ಡು.

ಎಂಟೂವರೆ. ಒಂಬತ್ತು.
ಫೈಲು ತೆರೆಯಲಿಲ್ಲ, ಫಾಂಟ್ ಒಡೆದಿತ್ತು ಎನ್ನಬಹುದಿತ್ತು,
ಹಾಗೆ ನಿಜಕ್ಕೂ ಎಷ್ಟೋ ಸಲ ಆಗಿದೆ.
ಎನ್ನಲಿಲ್ಲ. ಒಳ್ಳೆಯತನ ಅಂತಲ್ಲ.
ಊರವರ ಮನೆಗಳನ್ನು ಗೆರೆ ತಪ್ಪದೆ ಕೂರಿಸಿದ ಕೈ
ತನ್ನದಕ್ಕೆ ಮಾತ್ರ ನಡುಗುವುದು ಹೇಗೆ?
ನಡುಗಿತು, ಸ್ವಲ್ಪ. ಮೌಸ್ ಬಿಟ್ಟು ನೀರು ಕುಡಿದೆ.

ಹತ್ತಕ್ಕೆ ಹತ್ತು ನಿಮಿಷ ಇರುವಾಗ ಅವನ ಮೆಸೇಜು:
‘ಹತ್ತಿತು.’
ಇನ್ನು ಕಾಲು ಗಂಟೆಗೆ ಬ್ಯಾಂಕಿನ ಫೋನು.
‘ಮೇಡಂ, ಮೊದಲನೆಯದು ತೆಗೀರಿ. ಪಾರ್ಟಿ ಚುಕ್ತಾ ಮಾಡಿದಾರೆ.’
ಪಾರ್ಟಿ ಯಾರೆಂದು ಅವರು ಹೇಳಲಿಲ್ಲ.
ಪಾರ್ಟಿ ‘ಆಯ್ತು ಸಾರ್’ ಎಂದಿತು.

ತೆಗೆದೆ. ಪುಟದಲ್ಲೊಂದು ಬಿಳಿ ನಿವೇಶನ.
ಕಣ್ತುಂಬ ನೋಡುವಷ್ಟರಲ್ಲಿ
ಕೆಳಗಿನದು ತಾನಾಗಿ ಮೇಲೆ ಜರುಗಿ
ನನ್ನ ಜಾಗದಲ್ಲಿ ಕೂತಿತು:
ಗುರುಬಸಪ್ಪ ಬಿನ್ ಚೌಡಪ್ಪ, ಹರಿಗೆ.
ಪೂರ್ವಕ್ಕೆ ಅಣ್ಣನ ಮನೆ. ಪಶ್ಚಿಮಕ್ಕೆ ಬಾವಿ.

‘ಪ್ಲೇಟಿಗೆ ಬಿಡ್ಲಾ ಅಕ್ಕಾ?’ ಕೆಳಗಿಂದ ಕೂಗಿದರು.
ತಪ್ಪು ಹುಡುಕುವವಳ ಹಾಗೆ ಪರದೆಗೆ ಬಾಗಿ
‘ಐದು ನಿಮಿಷ’ ಎಂದೆ.

ತಪ್ಪೇನೂ ಇರಲಿಲ್ಲ. ಎಲ್ಲ ಗುಡಿಸು, ಕೊಂಬು ಸರಿಯಾಗಿದ್ದವು.
ಹರಿಗೆಯಲ್ಲಿ ಆತ ಮಲಗಿರಬಹುದು,
ಅಥವಾ ಅಣ್ಣನ ಬಾಗಿಲ ಮುಂದೆ
ಚಿಲಕ ಹಿಡಿದು ನಿಂತಿರಬಹುದು.
ಫೋನನ್ನೇ ನೋಡುತ್ತ ಕೂತೆ.

‘ಅಕ್ಕಾ?’

‘ಇನ್ನೊಂದೈದು.’